ಅಗ್ಗದ ಕಾಲವೆಂಬ ಭ್ರಾಂತಿ

ಸಂಜೆಯ ಹೊತ್ತಿನಲ್ಲಿ ನಾಲ್ವರು ಹಿರಿಯರು ಒಂದೆಡೆ ಕುಳಿತರೆಂದರೆ, ಮಾತು ಎಲ್ಲಿಂದ ಹೊರಟರೂ ಕಟ್ಟಕಡೆಗೆ ಬಂದು ನಿಲ್ಲುವ ತಾಣವೊಂದುಂಟು. "ಆ ಕಾಲ ಹೋಯಿತು ಸ್ವಾಮಿ! ಒಂದಾಣೆಗೆ ಕಾಫಿ, ಎರಡಾಣೆಗೆ ದೋಸೆ. ಹತ್ತು ರೂಪಾಯಿ ಹಿಡಿದು ಸಂತೆಗೆ ಹೋದರೆ ಗಾಡಿಯಲ್ಲಿ ಸಾಮಾನು ಬರುತ್ತಿತ್ತು. ಈಗ ಏನಿದೆ? ಬರೀ ಸುಲಿಗೆ!" ಎಂದು ಒಬ್ಬರು ನಿಟ್ಟುಸಿರು ಬಿಡುವರು. ಎರಡನೆಯವರು ಅದಕ್ಕೆ ಚಿನ್ನದ ಬೆಲೆಯನ್ನು ಸೇರಿಸುವರು. ಮೂರನೆಯವರು ಡಾಲರಿನ ಸಂಗತಿಯನ್ನೆತ್ತುವರು. ನಾಲ್ಕನೆಯವರು, ಇಷ್ಟಕ್ಕೆಲ್ಲ ಕಾರಣ ಕೂಲಿಯವರ ಸೊಕ್ಕೆಂದು ತೀರ್ಪು ಕೊಡುವರು. ಸಭೆ ಮುಗಿಯುವುದು, ಎಲ್ಲರೂ ತೃಪ್ತರಾಗಿ ಮನೆಯ ದಾರಿ ಹಿಡಿಯುವರು. "ಆ ಹತ್ತು ರೂಪಾಯಿಯನ್ನು ಸಂಪಾದಿಸುವುದಕ್ಕೆ ಅಂದು ಎಷ್ಟು ದಿನ ದುಡಿಯಬೇಕಾಗಿತ್ತು?" ಎಂಬ ಪ್ರಶ್ನೆಯೊಂದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹೊತ್ತು ಕಳೆಯುವುದಕ್ಕಾಗಿ ಆಡುವ ಮಾತಿನಿಂದ ಯಾರಿಗೇನು ಕೇಡು ಎಂದು ಕೆಲವರು ಆಕ್ಷೇಪಿಸಬಹುದು. ಮಾತು ಜಗಲಿಯಲ್ಲಿಯೇ ಉಳಿದಿದ್ದರೆ ಕೇಡೇನೂ ಇರಲಿಲ್ಲ, ಹರಟೆಯೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಅದು ಜಗಲಿಯಿಂದೆದ್ದು ಅಡುಗೆಮನೆಗೆ ನಡೆದುಬರುವುದು. ಅಲ್ಲಿ ಪಾತ್ರೆ ತೊಳೆಯುವ ಹೆಂಗಸು, "ಅಮ್ಮಾ, ಈ ವರ್ಷವಾದರೂ ಇನ್ನೂರು ರೂಪಾಯಿ ಜಾಸ್ತಿ ಮಾಡಿ" ಎಂದು ಕೈಯೊರಸಿಕೊಳ್ಳುತ್ತ ನಿಂತಾಗ, ಆಕೆಗೆ ಎದುರುತ್ತರವಾಗಿ ನಿಲ್ಲುವುದು ಇದೇ ಮಾತು: "ನಮ್ಮ ಅತ್ತೆಯವರ ಕಾಲದಲ್ಲಿ ಐದು ರೂಪಾಯಿಗೆ ಮನೆಯ ಕೆಲಸವೆಲ್ಲ ನಡೆಯುತ್ತಿತ್ತು." ಹೀಗೆ ಅಂದಿನ ಬೆಲೆಯ ನೆನಪು ಇಂದಿನ ಕೂಲಿಯನ್ನು ಮೊಟಕುಮಾಡುವ ಕತ್ತರಿಯಾಗುತ್ತದೆ. ಆದಕಾರಣ ಈ ಮಾತಿನ ಸತ್ಯಾಸತ್ಯವನ್ನು ವಿಚಾರಿಸಿ ನೋಡುವುದು ವಿದ್ಯಾವಂತರೆನಿಸಿಕೊಂಡವರಿಗೆ ಕರ್ತವ್ಯವೇ ಆಗಿರುತ್ತದೆ.

ಮೊದಲು ಎರಡನೆಯ ಹಿರಿಯರ ಚಿನ್ನವನ್ನು ತೂಗಿ ನೋಡಬಹುದು. ೧೯೪೭ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಸುಮಾರು ೮೮ ರೂಪಾಯಿ. ಅಜ್ಜನು ಅಂದು ಒಂದು ಸೇರು ಚಿನ್ನ ಕೊಂಡಿಡದೆ ಹೋದನಲ್ಲಾ ಎಂದು ಮೊಮ್ಮಗನು ಈಗ ಹಲುಬುವನು. ಆದರೆ ಅದೇ ೧೯೪೭ರಲ್ಲಿ ಕೇಂದ್ರದ ಮೊದಲನೆಯ ವೇತನ ಆಯೋಗವು ಸರ್ಕಾರದ ಕಟ್ಟಕಡೆಯ ನೌಕರನಿಗೆ ಗೊತ್ತುಮಾಡಿದ ಕನಿಷ್ಠ ಸಂಬಳ ತಿಂಗಳಿಗೆ ೫೫ ರೂಪಾಯಿ. ಅಂದರೆ ಜವಾನನೊಬ್ಬನು ಇಡೀ ತಿಂಗಳು ಉಪವಾಸವಿದ್ದು, ಮಕ್ಕಳನ್ನೂ ಉಪವಾಸವಿರಿಸಿ, ಸಂಬಳವನ್ನೆಲ್ಲ ಚಿನಿವಾರನ ಕೈಯಲ್ಲಿಟ್ಟಿದ್ದರೆ ಅವನಿಗೆ ದೊರೆಯುತ್ತಿದ್ದುದು ಆರು ಗ್ರಾಂ ಚಿಲ್ಲರೆ. ೨೦೧೬ರಲ್ಲಿ ಏಳನೆಯ ವೇತನ ಆಯೋಗದ ಶಿಫಾರಸಿನಂತೆ ಅದೇ ಕಟ್ಟಕಡೆಯ ನೌಕರನ ಕನಿಷ್ಠ ವೇತನವು ೧೮,೦೦೦ ರೂಪಾಯಿ ಆಯಿತು. ಆ ವರ್ಷ ಹತ್ತು ಗ್ರಾಂ ಚಿನ್ನದ ಬೆಲೆ ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು. ಲೆಕ್ಕ ಹಾಕಿದರೆ ಮತ್ತೆ ಆರು ಗ್ರಾಂ! ಸುಮಾರು ಎಪ್ಪತ್ತು ವರ್ಷಗಳಲ್ಲಿ ರೂಪಾಯಿಯ ಅಂಕಿ ಮುನ್ನೂರು ಮಡಿಗೂ ಮೀರಿ ಬೆಳೆದರೂ ಜವಾನನ ಕೈಗೆ ಎಟಕುವ ಚಿನ್ನ ಅಂದಿದ್ದಷ್ಟೇ. ೨೦೧೬ರಿಂದ ಈಚೆಗೆ ಚಿನ್ನವು ಸಂಬಳವನ್ನು ಬಹಳ ದೂರ ಹಿಂದೆ ಬಿಟ್ಟು ಓಡಿ, ೨೦೨೫ರಲ್ಲಿ ಹತ್ತು ಗ್ರಾಮಿಗೆ ಲಕ್ಷ ರೂಪಾಯಿಯನ್ನು ದಾಟಿತೆಂಬುದೂ ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಾಗೆ ಹೇಳುವುದಕ್ಕೂ ಬೆಲೆಯ ಪಕ್ಕದಲ್ಲಿ ಸಂಬಳವನ್ನಿಟ್ಟು ನೋಡಿಯೇ ಹೇಳಬೇಕು. ಬರೀ ೮೮ ಎಂಬ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಆ ೫೫ ರೂಪಾಯಿಯ ಒಳಗೂ ಒಂದು ಪಾಠವಿದೆ. ಅದರಲ್ಲಿ ೩೦ ರೂಪಾಯಿ ಮೂಲವೇತನ. ಉಳಿದ ೨೫ ರೂಪಾಯಿ ತುಟ್ಟಿಭತ್ಯೆ. ಅಗ್ಗದ ಕಾಲದಲ್ಲಿ ತುಟ್ಟಿಭತ್ಯೆಗೇನು ಕೆಲಸ? ಎರಡನೆಯ ಮಹಾಯುದ್ಧದ ಐದಾರು ವರ್ಷಗಳಲ್ಲಿ ಭಾರತದ ಸಗಟು ಬೆಲೆಗಳು ಎರಡೂವರೆ ಮಡಿಯ ಹತ್ತಿರಕ್ಕೆ ಏರಿದ್ದುವು. ೧೯೪೨ರಲ್ಲಿ ಬರ್ಮಾ ದೇಶವು ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಪಟ್ಟಣಗಳಲ್ಲಿ ಜನರು ಪಡಿತರದ ಚೀಟಿ ಹಿಡಿದು ಸಾಲಿನಲ್ಲಿ ನಿಂತರು. ಸೀಮೆಎಣ್ಣೆಗೆ ಸಾಲು, ಬಟ್ಟೆಗೆ ಸಾಲು. ಇಂದಿನವರು ಸುವರ್ಣಯುಗವೆಂದು ಹಾಡುವ ಆ ಕಾಲದಲ್ಲಿ ಬದುಕಿದ್ದವರು ತಮ್ಮ ಕಾಲವನ್ನು ದುರ್ಭಿಕ್ಷದ ಕಾಲವೆಂದೇ ಬೈದುಕೊಂಡು, ತಮ್ಮ ಅಜ್ಜಂದಿರ ಅಗ್ಗವನ್ನು ನೆನೆದು ಮರುಗುತ್ತಿದ್ದರು. ಮರುಕಕ್ಕೆ ಕಾರಣ ಕಾಲವಲ್ಲ, ವಯಸ್ಸು ಎಂಬುದು ಇದರಿಂದ ವೇದ್ಯವಾಗುತ್ತದೆ.

ಇನ್ನು ಮೂರನೆಯವರ ಡಾಲರು. "ಸ್ವಾತಂತ್ರ್ಯ ಬಂದ ದಿನ ಒಂದು ರೂಪಾಯಿಗೆ ಒಂದು ಡಾಲರು" ಎಂಬ ವಾಕ್ಯವನ್ನು ಕೇಳದವರಿಲ್ಲ. ಪದವೀಧರರೂ ಇದನ್ನು ಗಂಭೀರವಾಗಿ ಉದ್ಧರಿಸುವರು. ಇದು ಅಪ್ಪಟ ಸುಳ್ಳು, ಅದನ್ನು ಬಯಲು ಮಾಡುವುದಕ್ಕೆ ಪ್ರಾಥಮಿಕ ಶಾಲೆಯ ಭಾಗಾಕಾರ ಸಾಕು. ಆಗ ರೂಪಾಯಿಯನ್ನು ಇಂಗ್ಲೆಂಡಿನ ಪೌಂಡಿಗೆ ಕಟ್ಟಲಾಗಿತ್ತು; ೧೯೨೭ರ ಕಾನೂನಿನಿಂದ ಒಂದು ರೂಪಾಯಿಗೆ ಒಂದು ಷಿಲಿಂಗು ಆರು ಪೆನ್ಸ್ ಎಂದು ನಿಗದಿಯಾಗಿತ್ತು. ಅಂದರೆ ಒಂದು ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ಚಿಲ್ಲರೆ. ೧೯೪೭ರಲ್ಲಿ ಒಂದು ಪೌಂಡಿಗೆ ನಾಲ್ಕು ಡಾಲರಿಗಿಂತ ಕೊಂಚ ಹೆಚ್ಚು. ಹದಿಮೂರನ್ನು ನಾಲ್ಕರಿಂದ ಭಾಗಿಸಿದರೆ ಡಾಲರಿಗೆ ಮೂರೂ ಕಾಲು ರೂಪಾಯಿಗೂ ತುಸು ಮೇಲೆ ಬರುತ್ತದೆ. ೧೯೪೯ರ ಸೆಪ್ಟೆಂಬರಿನಲ್ಲಿ ಪೌಂಡಿನೊಡನೆ ರೂಪಾಯಿಯ ಬೆಲೆಯನ್ನೂ ಇಳಿಸಿದಾಗ ಅದು ೪.೭೬ ಆಯಿತು, ೧೯೬೬ರ ಜೂನಿನಲ್ಲಿ ೭.೫೦ ಆಯಿತು. ಇವು ಯಾವ ಗ್ರಂಥಾಲಯದಲ್ಲಿಯೂ ಸಿಕ್ಕುವ ಸಂಗತಿಗಳು. ಆದರೂ ಸುಳ್ಳು ಬದುಕಿದೆ, ಏಕೆಂದರೆ ಅದು ಸವಿಯಾಗಿದೆ. ಹಿಂದಿನ ವೈಭವವನ್ನು ಕಳೆದುಕೊಂಡವರೆಂದು ತಮ್ಮನ್ನು ತಾವೇ ಕನಿಕರಿಸಿಕೊಳ್ಳುವುದರಲ್ಲಿ ಮನುಷ್ಯನಿಗೆ ಒಂದು ಬಗೆಯ ಸುಖವುಂಟು.

ಆದರೆ ಈ ಹರಟೆಯಲ್ಲಿ ಎಲ್ಲಕ್ಕಿಂತ ಆಳವಾದ ತಪ್ಪು ಬೇರೆಯೊಂದಿದೆ. ಬೆಲೆ ಅಗ್ಗವಾಗಿದ್ದರೆ ಜನರು ಸುಖವಾಗಿರುವರೆಂಬ ನಂಬಿಕೆಯೇ ಆ ತಪ್ಪು. ಧಾನ್ಯವು ನಿಜವಾಗಿಯೂ ಅಗ್ಗವಾಗಿದ್ದ ಕಾಲವೊಂದಿತ್ತು. ೧೯೨೯ರ ಜಾಗತಿಕ ಕುಸಿತದ ಮುಂದಿನ ಕೆಲವೇ ವರ್ಷಗಳಲ್ಲಿ ಬೆಳೆಗಳ ಬೆಲೆ ಅರ್ಧಕ್ಕರ್ಧ ಇಳಿಯಿತು. ನಿಶ್ಚಿತ ಸಂಬಳದ ಗುಮಾಸ್ತನಿಗೆ ಅದು ಹಬ್ಬವೇ ಆಗಿತ್ತು. ಅಜ್ಜಂದಿರ ಕಥೆಗಳಲ್ಲಿ ಉಳಿದುಬಂದಿರುವುದು ಬಹುಮಟ್ಟಿಗೆ ಆ ಗುಮಾಸ್ತನ ಸುಖ. ರೈತನ ಪಾಡೇನಾಯಿತು? ರಾಗಿಯ ಬೆಲೆ ಇಳಿದರೂ ಕಂದಾಯವು ಅದರೊಡನೆ ಇಳಿಯಲಿಲ್ಲ; ಸಾಹುಕಾರನ ಬಡ್ಡಿಯೂ ಇಳಿಯಲಿಲ್ಲ. ಮೊದಲು ಒಂದು ಪಲ್ಲ ಮಾರಿ ತೀರಿಸುತ್ತಿದ್ದುದನ್ನು ಎರಡು ಪಲ್ಲ ಮಾರಿ ತೀರಿಸಬೇಕಾಯಿತು. ೧೯೩೧ರಲ್ಲಿ ಇಂಗ್ಲೆಂಡು ಚಿನ್ನದ ನಾಣ್ಯಪ್ರಮಾಣವನ್ನು ಬಿಟ್ಟ ಮೇಲೆ ಹಳ್ಳಿಹಳ್ಳಿಗಳಿಂದ ಬಳೆ, ಓಲೆ, ಸರಗಳು ಕರಗಿ ಗಟ್ಟಿಯಾಗಿ ಮುಂಬಯಿಯ ಹಡಗುಗಳನ್ನೇರಿ ಲಂಡನ್ನಿಗೆ ಹೋದುವು. ಅರ್ಥಶಾಸ್ತ್ರಜ್ಞರು ಅದಕ್ಕೆ ಸಂಕಟದ ಚಿನ್ನವೆಂದೇ ಹೆಸರಿಟ್ಟರು. ಮೊಮ್ಮಗನು ಅಜ್ಜನು ಕೊಳ್ಳಲಿಲ್ಲವೆಂದು ಹಲುಬುವ ಚಿನ್ನದ ಒಂದು ಪಾಲು, ಬೇರೆ ಯಾವಳೋ ಅಜ್ಜಿಯ ಕಿವಿಯಿಂದ ಕಳಚಿ ಕಂದಾಯದ ಕಟ್ಟೆಗೆ ಹೋದದ್ದು. ಒಬ್ಬನ ಅಗ್ಗವು ಇನ್ನೊಬ್ಬನ ಕೊರಳಿನ ಬೆಲೆ.

ಇನ್ನೂ ಹಿಂದಕ್ಕೆ, ಕೂಲಿಯನ್ನು ಕಾಸುಗಳಲ್ಲಿ ಎಣಿಸುತ್ತಿದ್ದ ಕಾಲಕ್ಕೆ ಹೋದರೆ ಕಾಣುವುದೇನು? ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಐವತ್ತು ಲಕ್ಷಕ್ಕೂ ಮೇಲಿತ್ತು. ೧೮೮೧ರಲ್ಲಿ ಅದು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದುಹೋದುದು ೧೮೭೬-೭೮ರ ಕ್ಷಾಮ. ಮಳೆ ತಪ್ಪಿ ಬೆಲೆ ಏರಿದಾಗ ಕೂಲಿಯವನ ಕೈಯಲ್ಲಿ ಆ ಬೆಲೆಯನ್ನು ತೆರುವ ಕಾಸಿರಲಿಲ್ಲ. ಇದೇ ಸಂಗತಿಯನ್ನು ೧೯೪೩ರ ಬಂಗಾಳದ ಕ್ಷಾಮವು ಇನ್ನಷ್ಟು ಸ್ಪಷ್ಟವಾಗಿ ಕಾಣಿಸಿತು. ಆ ಕ್ಷಾಮವನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡ ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಅಲ್ಲಿ ಸತ್ತವರು ಮುಖ್ಯವಾಗಿ ಹೊಲಗೆಲಸದ ಕೂಲಿಗಳು, ಬೆಸ್ತರು, ಸಣ್ಣಪುಟ್ಟ ಕಸುಬಿನವರು. ಅಕ್ಕಿಯ ಬೆಲೆ ಏರಿದ ವೇಗದಲ್ಲಿ ಇವರ ಕೂಲಿ ಏರಲಿಲ್ಲ. ಅಂಗಡಿಯಲ್ಲಿ ಅಕ್ಕಿ ಇದ್ದಿತು, ಇವರ ಬಳಿ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಬೆಲೆ ಎಷ್ಟೆಂದು ಕೇಳುವುದಕ್ಕಿಂತ ಮೊದಲು ಕೂಲಿ ಎಷ್ಟೆಂದು ಕೇಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಷ್ಟು ಸುಲಭವಾಗಿ ತಿಳಿಯಬಹುದಾದ ಸಂಗತಿಗಳು ವಿದ್ಯಾವಂತರ ಮನೆಗಳಲ್ಲಿ ತಿಳಿಯದೆ ಉಳಿದಿರುವುದೇಕೆ? ಅದಕ್ಕೆ ಕಾರಣ ಗುಂಪಿನ ಸ್ವಭಾವದಲ್ಲಿದೆ. ಹಿಂದೆ ಜಗಲಿಯಿತ್ತು, ಈಗ ಅದರೊಡನೆ ಅಂಗೈಯಲ್ಲಿ ಹಿಡಿಯುವ ದೂರವಾಣಿಯ ಬಳಗವೂ ಸೇರಿದೆ. ಎರಡರ ನಡವಳಿಕೆಯೂ ಒಂದೇ. ಯಾರೋ ಒಬ್ಬರು ಎಲ್ಲಿಂದಲೋ ಬಂದ ಮಾತನ್ನು ತಂದು ನಡುವೆ ಇಡುವರು. ಹತ್ತು ಮಂದಿ ಕೈಮುಗಿದ ಚಿತ್ರ ಕಳುಹಿಸಿ ಮೆಚ್ಚುವರು. ಇಪ್ಪತ್ತು ಮಂದಿ ಇನ್ನೊಂದು ಬಳಗಕ್ಕೆ ಅದನ್ನು ದಾಟಿಸುವರು. "ಇದಕ್ಕೆ ಆಧಾರವೇನು?" ಎಂದು ಕೇಳುವ ಹನ್ನೊಂದನೆಯವನು ಕೊಂಕು ಮಾತಿನವನೆನಿಸಿಕೊಳ್ಳುವನು, ಹಿರಿಯರಿಗೆ ಎದುರಾಡಿದ ಅವಿಧೇಯನೆನಿಸಿಕೊಳ್ಳುವನು. ತಪ್ಪನ್ನು ಹೇಳಿದವನಿಗೆ ಸಂಕೋಚವಿಲ್ಲ, ತಿದ್ದಿದವನಿಗೆ ಸಂಕೋಚ! ಇಂಥ ಬಳಗದಲ್ಲಿ ಸುಳ್ಳು ಬೆಳೆಯದೆ ಮತ್ತೇನು ಬೆಳೆಯಬೇಕು?

ಇದರ ಫಲವನ್ನು ಉಣ್ಣುವವರು ಬಡವರು. ೨೦೧೬ರ ನವೆಂಬರ್ ೮ರಂದು ದೊಡ್ಡ ನೋಟುಗಳು ರದ್ದಾದ ಮೂರು ದಿನಕ್ಕೆ ದೆಹಲಿ, ಉತ್ತರಪ್ರದೇಶಗಳ ಊರುಗಳಲ್ಲಿ ಉಪ್ಪು ಮುಗಿದುಹೋಯಿತೆಂಬ ಗಾಳಿಸುದ್ದಿ ಹಬ್ಬಿತು. ಮೂರು ಕಡೆ ಸಮುದ್ರವಿರುವ, ತನ್ನ ಅಡುಗೆಮನೆಗಳಿಗೆ ಬೇಕಾದುದರ ಹಲವು ಮಡಿ ಉಪ್ಪನ್ನು ತೆಗೆಯುವ ದೇಶದಲ್ಲಿ, ಕಿಲೊ ಉಪ್ಪಿಗೆ ಇನ್ನೂರು ರೂಪಾಯಿಗೂ ಮೇಲೆ ಕೊಟ್ಟು ಜನರು ಹೊತ್ತೊಯ್ದರು. ಒಂದೇ ರಾತ್ರಿಯಲ್ಲಿ ಸುಳ್ಳು ಸುದ್ದಿಯೇ ಬೆಲೆಯಾಯಿತು. ಹಣವಿದ್ದವನು ಐದು ಕಿಲೊ ಕೊಂಡು ಮನೆಯಲ್ಲಿಟ್ಟುಕೊಂಡನು. ದಿನದ ಕೂಲಿಯಲ್ಲಿ ಬದುಕುವವನು ಅಂದು ಉಪ್ಪಿಲ್ಲದೆ ಉಂಡನು.

ಕನ್ನಡ ನಾಡಿನಲ್ಲಿ ನಡೆದುದು ಇದಕ್ಕಿಂತ ದೀರ್ಘವಾದ ಕಥೆ. ಹತ್ತು ರೂಪಾಯಿಯ ನಾಣ್ಯಗಳಲ್ಲಿ ಕೆಲವಕ್ಕೆ ಹತ್ತು ಗೆರೆ, ಕೆಲವಕ್ಕೆ ಹದಿನೈದು ಗೆರೆ. ಕೆಲವದರಲ್ಲಿ ರೂಪಾಯಿಯ ಚಿಹ್ನೆಯಿದೆ, ಕೆಲವದರಲ್ಲಿಲ್ಲ. ಆದುದರಿಂದ ಒಂದು ಬಗೆಯದು ಖೋಟಾ ಎಂದು ಯಾರೋ ಹೇಳಿದರು. ಎಲ್ಲರೂ ನಂಬಿದರು. ಅಂಗಡಿಯವನು ತೆಗೆದುಕೊಳ್ಳಲೊಲ್ಲ, ಬಸ್ಸಿನ ಕಂಡಕ್ಟರನೂ ಒಲ್ಲ. ರಿಸರ್ವ್ ಬ್ಯಾಂಕು ೨೦೧೬ರಲ್ಲಿ ಒಮ್ಮೆ, ೨೦೧೮ರ ಜನವರಿಯಲ್ಲಿ ಮತ್ತೊಮ್ಮೆ ಪ್ರಕಟಣೆ ಹೊರಡಿಸಿ, ಹದಿನಾಲ್ಕು ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಸಿಂಧುವೆಂದು ಸ್ಪಷ್ಟಪಡಿಸಿತು. ರೂಪಾಯಿಯ ಚಿಹ್ನೆ ಹುಟ್ಟಿದುದೇ ೨೦೧೦ರಲ್ಲಿ. ಅದಕ್ಕೆ ಮುಂಚೆ ಟಂಕಿಸಿದ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? ಆದರೂ ಅನುಮಾನ ಹೋಗಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಆ ನಾಣ್ಯಗಳು ಡಬ್ಬಿಯೊಂದರಲ್ಲಿ ಬಿದ್ದುಕೊಂಡಿದ್ದರೆ ನಷ್ಟವೇನೂ ಇಲ್ಲ. ಆದರೆ ದಿನವೆಲ್ಲ ಹೂ ಮಾರಿ ಹತ್ತು ನಾಣ್ಯ ಕೂಡಿಸಿದ ಹೆಂಗಸಿಗೆ ಸಂಜೆ ಅಕ್ಕಿಯ ಅಂಗಡಿಯಲ್ಲಿ "ಇದು ನಡೆಯೋದಿಲ್ಲ" ಎಂದರೆ, ಅವಳ ಒಂದು ದಿನದ ದುಡಿಮೆಯನ್ನೇ ಕಸಿದುಕೊಂಡಂತಾಯಿತು. ಯಾವ ಕಳ್ಳನೂ ಮಾಡದ ಕೆಲಸವನ್ನು ಗಾಳಿಮಾತು ಮಾಡಿತು. ಅಂಥ ಮಾತನ್ನು ವಿಚಾರಿಸದೆ ದಾಟಿಸಿದ ಪ್ರತಿಯೊಬ್ಬರಿಗೂ ಆ ಕಳವಿನಲ್ಲಿ ಪಾಲುಂಟು.

ಬೆಲೆಯ ವಿಷಯದಲ್ಲಿ ತಿಳಿವಳಿಕೆಯೇ ಅಡ್ಡದಾರಿ ಹಿಡಿದಾಗ ಸಿಟ್ಟೂ ಅಡ್ಡದಾರಿ ಹಿಡಿಯುವುದು ಸಹಜ. ಬೆಳಗಿನ ಹೊತ್ತು ಬೀದಿಯಲ್ಲಿ ಬುಟ್ಟಿ ಹೊತ್ತು ಬರುವ ಸೊಪ್ಪಿನವಳನ್ನು ಗೇಟಿನ ಬಳಿ ನಿಲ್ಲಿಸಿ, ಮೆಂತ್ಯದ ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡೆಂದು ಕಾಲು ಗಂಟೆ ಚೌಕಾಶಿ ಮಾಡುವರು. "ಕಟ್ಟು ನೋಡಮ್ಮ ಎಷ್ಟು ಸಣ್ಣದು!" ಎನ್ನುವರು. ಅದೇ ಮನೆಯವರು ಅದೇ ಸಂಜೆ ಹವಾನಿಯಂತ್ರಿತ ಅಂಗಡಿಗೆ ಹೋಗಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾಗಿರುವ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಬರುವರು. ಆ ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿದೆಯೆಂಬುದು ಬಹುಜನರ ಭಾವನೆ. ವಾಸ್ತವವಾಗಿ ಅದನ್ನು ಸಾಮಾನ್ಯವಾಗಿ ಗೊತ್ತುಮಾಡುವವನು ತಯಾರಕನೇ. ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬುದಷ್ಟೇ ಕಾನೂನು, ಕಡಿಮೆಗೆ ಮಾರಬಾರದೆಂದು ಯಾರೂ ಹೇಳಿಲ್ಲ. ಪೊಟ್ಟಣದ ಬೆಲೆ ಹಾಗೆಯೇ ಇದ್ದು ಒಳಗಿನ ತೂಕ ನೂರು ಗ್ರಾಮಿನಿಂದ ಎಂಬತ್ತಕ್ಕೆ, ಎಂಬತ್ತರಿಂದ ಎಪ್ಪತ್ತಕ್ಕೆ ಇಳಿದರೆ ಅದನ್ನು ಓದಿ ನೋಡುವ ವಿದ್ಯಾವಂತರು ಎಷ್ಟು ಮಂದಿ? ಸೊಪ್ಪಿನ ಕಟ್ಟು ಸಣ್ಣದಾದರೆ ಕಣ್ಣಿಗೆ ಕಾಣುವುದು. ಬಿಸ್ಕತ್ತು ಸಣ್ಣದಾದರೆ ಕಾಣದು! ಮೊದಲನೆಯದರ ಹಿಂದೆ ಬರಿಗಾಲಿನ ಹೆಂಗಸು ನಿಂತಿರುವಳು, ಎರಡನೆಯದರ ಹಿಂದೆ ಜಾಹೀರಾತಿನ ನಗುಮುಖ. ಜಗಳಕ್ಕೆ ಸಿಕ್ಕುವವಳು ಮೊದಲಿನವಳೇ.

ಟೊಮೇಟೊ ಹಣ್ಣಿನ ಕಥೆಯೂ ಇದೇ. ೨೦೨೩ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೊ ಹಿಡಿಯುವ ಒಂದು ಪೆಟ್ಟಿಗೆ ಎರಡು ಸಾವಿರ ರೂಪಾಯಿಯನ್ನು ದಾಟಿತು. ರೈತರು ರಾತ್ರೋರಾತ್ರಿ ಕೋಟ್ಯಧೀಶರಾದರೆಂದು ಊರೆಲ್ಲ ಗುಲ್ಲು. ಸಾರಿಗೆ ಹುಣಸೆಹಣ್ಣೇ ಗತಿಯೆಂದು ಮನೆಮನೆಯಲ್ಲಿ ಹಾಸ್ಯ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೆಲೆ ನೆಲಕಚ್ಚಿ, ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಹೊಲದಲ್ಲಿ, ರಸ್ತೆಯ ಬದಿಯಲ್ಲಿ ಕೊಳೆಯಿತು. ಆಗ ಯಾವ ಜಗಲಿಯಲ್ಲಿಯೂ ಚರ್ಚೆ ನಡೆಯಲಿಲ್ಲ. ಗ್ರಾಹಕನು ಟೊಮೇಟೊಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನ ಕೈಸೇರುವುದು ಸುಮಾರು ಮೂವತ್ಮೂರು ಪೈಸೆ, ಈರುಳ್ಳಿಯಲ್ಲಿ ಮೂವತ್ತಾರು, ಆಲೂಗೆಡ್ಡೆಯಲ್ಲಿ ಮೂವತ್ತೇಳು ಎಂದು ರಿಸರ್ವ್ ಬ್ಯಾಂಕು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನವು ಹೇಳುತ್ತದೆ. ಉಳಿದ ಮೂರರಲ್ಲಿ ಎರಡು ಪಾಲು ಸಾಗಣೆ, ದಲ್ಲಾಳಿ, ಸಗಟು, ಚಿಲ್ಲರೆ ಎಂದು ಹಂಚಿಹೋಗುವುದು. ಆದರೂ ಬೆಲೆ ಏರಿದಾಗ ಹೆಸರು ಕೆಡುವುದು ರೈತನದೇ.

ಇಲ್ಲಿಗೆ ನಾಲ್ಕನೆಯ ಹಿರಿಯರ ತೀರ್ಪಿಗೆ ಬಂದಂತಾಯಿತು. ೨೦೧೩ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕೂಲಿಯಾಳುಗಳು ಸೋಮಾರಿಗಳಾದರು, ಅಕ್ಕಿ ಪುಕ್ಕಟೆಯಾಗಿ ಸಿಕ್ಕುವಾಗ ದುಡಿಯುವವರು ಯಾರು ಎಂಬುದು ಅವರ ವಾದ. ಇದನ್ನೂ ಲೆಕ್ಕಕ್ಕೆ ಒಡ್ಡಬಹುದು. ಅಕ್ಕಿಯ ಪ್ರಮಾಣವು ವರ್ಷದಿಂದ ವರ್ಷಕ್ಕೆ ಬದಲಾಗಿದೆ. ತಲೆಗೆ ಹತ್ತು ಕಿಲೊ ಎಂದೇ ಧಾರಾಳವಾಗಿ ಇಟ್ಟುಕೊಂಡರೂ ನಾಲ್ವರ ಸಂಸಾರಕ್ಕೆ ತಿಂಗಳಿಗೆ ನಲವತ್ತು ಕಿಲೊ. ೨೦೨೩ರಲ್ಲಿ ಸರ್ಕಾರವು ಅಕ್ಕಿಯ ಬದಲಿಗೆ ಹಣ ಕೊಡುವಾಗ ಹಿಡಿದ ದರ ಕಿಲೊಗೆ ೩೪ ರೂಪಾಯಿ. ಆ ಲೆಕ್ಕದಲ್ಲಿ ಇಡೀ ಸಂಸಾರಕ್ಕೆ ದೊರೆತ ಭಾಗ್ಯದ ಬೆಲೆ ತಿಂಗಳಿಗೆ ೧,೩೬೦ ರೂಪಾಯಿ. ಬೇಳೆ, ಎಣ್ಣೆ, ಮೆಣಸಿನಕಾಯಿ, ಬಾಡಿಗೆ, ಮಗುವಿನ ಪುಸ್ತಕ, ಮುದುಕಿಯ ಔಷಧ ಇವಾವುವೂ ಅದರಲ್ಲಿಲ್ಲ. ಇಷ್ಟರಿಂದ ಒಂದು ಸಂಸಾರ ಕೈಕಟ್ಟಿ ಕುಳಿತು ಉಣ್ಣಬಲ್ಲುದೆ? ಮನೆಯಲ್ಲಿ ಹಿಡಿ ಅಕ್ಕಿಯಿದ್ದುದರಿಂದ ಆದ ಬದಲಾವಣೆ ಬೇರೆ. ಹಿಂದೆ ಹಸಿವಿಗೆ ಹೆದರಿ, ಕೊಟ್ಟಷ್ಟಕ್ಕೆ ಒಪ್ಪಿಕೊಳ್ಳುತ್ತಿದ್ದವನು ಈಗ "ಇಷ್ಟು ಕೊಟ್ಟರೆ ಬರುತ್ತೇನೆ" ಎನ್ನುವ ಧೈರ್ಯ ತಂದುಕೊಂಡನು. ಆ ಧೈರ್ಯಕ್ಕೆ ಸೋಮಾರಿತನವೆಂದು ಹೆಸರಿಟ್ಟವರು ಕೂಲಿ ಕೊಡುವವರು. ತಮ್ಮ ಮಗನು ಒಂದು ಕಂಪನಿಯನ್ನು ಬಿಟ್ಟು ಹೆಚ್ಚಿನ ಸಂಬಳಕ್ಕೆ ಇನ್ನೊಂದಕ್ಕೆ ಹೋದರೆ ಅದೇ ಹಿರಿಯರು "ಚುರುಕಾದ ಹುಡುಗ" ಎಂದು ಹೊಗಳುವರು!

ಮಧ್ಯಮವರ್ಗದವರಿಗೂ ಕಷ್ಟವಿಲ್ಲವೆ ಎಂದು ಕೇಳುವವರಿಗೆ ಉತ್ತರ ಕೊಡದೆ ಹೋದರೆ ವಿಚಾರ ಅಪೂರ್ಣವಾಗುತ್ತದೆ. ಕಷ್ಟವುಂಟು, ಆದರೆ ಅದು ಅವರು ಬೆರಳು ತೋರಿಸುವ ಕಡೆ ಇಲ್ಲ. ಬಡಸಂಸಾರದ ಆದಾಯದಲ್ಲಿ ಊಟಕ್ಕೆ ಹೋಗುವ ಭಾಗ ದೊಡ್ಡದು, ಅನುಕೂಲ ಹೆಚ್ಚಿದಂತೆ ಅದು ಸಣ್ಣದಾಗುವುದು ಎಂಬ ನಿಯಮವನ್ನು ಜರ್ಮನಿಯ ಏಂಗೆಲ್ ಎಂಬ ಅಂಕಿಅಂಶಜ್ಞನು ೧೮೫೭ರಲ್ಲಿಯೇ ಕಂಡುಹಿಡಿದನು. ಸರ್ಕಾರದ ಕುಟುಂಬವೆಚ್ಚದ ಸಮೀಕ್ಷೆಗಳ ಪ್ರಕಾರ ಭಾರತದ ಪಟ್ಟಣವಾಸಿಗಳ ವೆಚ್ಚದಲ್ಲಿ ಆಹಾರದ ಪಾಲು ೧೯೯೯-೨೦೦೦ದಲ್ಲಿ ನೂರಕ್ಕೆ ೪೮ ಇದ್ದುದು ೨೦೨೨-೨೩ರ ಹೊತ್ತಿಗೆ ೩೯ಕ್ಕೆ ಇಳಿಯಿತು; ಹಳ್ಳಿಗಳಲ್ಲಿ ೫೯ ಇದ್ದುದು ೪೬ಕ್ಕೆ ಬಂತು. ಅಂದರೆ ಪಟ್ಟಣದ ಸಂಸಾರವನ್ನು ಹಿಂಡುವುದು ಬರಿಯ ಸೊಪ್ಪು ತರಕಾರಿಯಲ್ಲ. ಮನೆಯ ಬಾಡಿಗೆ, ಶಾಲೆಯ ಶುಲ್ಕ, ಆಸ್ಪತ್ರೆಯ ಪಟ್ಟಿ, ವಾಹನದ ಸಾಲದ ಕಂತು, ಕಲ್ಯಾಣಮಂಟಪದ ಬಾಡಿಗೆ ಇವೇ ಈಗ ಸಂಸಾರದ ಬೆನ್ನೆಲುಬನ್ನು ಬಗ್ಗಿಸುತ್ತಿರುವುವು. ಆದರೆ ಶಾಲೆಯ ಕಾರ್ಯಾಲಯದಲ್ಲಿ ಶುಲ್ಕದ ಚೌಕಾಶಿ ಮಾಡುವವರಾರು? ಆಸ್ಪತ್ರೆಯ ಪಟ್ಟಿಯಲ್ಲಿ ಒಂದೊಂದು ಸಾಲಿಗೂ ವಿವರ ಕೇಳುವವರಾರು? ಅಲ್ಲಿ ನಾಲಗೆ ಏಳುವುದಿಲ್ಲ. ಅಲ್ಲಿ ನುಂಗಿಕೊಂಡ ಸಿಟ್ಟೆಲ್ಲ ಮರುದಿನ ಬೆಳಗ್ಗೆ ಸೊಪ್ಪಿನವಳ ಮೇಲೆ, ಹಾಲಿನವನ ಮೇಲೆ, ಪಾತ್ರೆ ತೊಳೆಯುವವಳ ಮೇಲೆ ಇಳಿಯುವುದು.

ಕಡೆಯದಾಗಿ ತುಟ್ಟಿಭತ್ಯೆಯ ಮಾತು. ಸರ್ಕಾರಿ ನೌಕರರಿಗೆ ವರ್ಷದಲ್ಲಿ ಎರಡು ಸಲ, ಜನವರಿಗೂ ಜುಲೈಗೂ ಅನ್ವಯಿಸುವಂತೆ, ಬೆಲೆಗಳನ್ನು ನೋಡಿ ತುಟ್ಟಿಭತ್ಯೆಯನ್ನು ಪರಿಷ್ಕರಿಸುವುದು ವಾಡಿಕೆ. ಇದು ನ್ಯಾಯವಾದ ಏರ್ಪಾಟು. ಯಾರೂ ಇದನ್ನು ಆಕ್ಷೇಪಿಸತಕ್ಕದ್ದಿಲ್ಲ. ಆದರೆ ಒಂದು ತಿಂಗಳು ತಡವಾದರೆ ಪತ್ರಿಕೆಯನ್ನು ಮಡಿಸಿಟ್ಟು ಸರ್ಕಾರವನ್ನು ಬೈಯುವ ಮನೆಯಲ್ಲಿಯೇ, ಪಾತ್ರೆ ತೊಳೆಯುವವಳ ಸಂಬಳವು ಮೂರು ವರ್ಷಗಳಿಂದ ಹಾಗೆಯೇ ಇರುತ್ತದೆ. ಅವಳು ಕೊಳ್ಳುವ ಎಣ್ಣೆಗೂ ಯಜಮಾನರು ಕೊಳ್ಳುವ ಎಣ್ಣೆಗೂ ಅಂಗಡಿಯಲ್ಲಿ ಒಂದೇ ಬೆಲೆ. ಬೆಲೆಯೇರಿಕೆ ಇಬ್ಬರ ಮನೆಯ ಬಾಗಿಲನ್ನೂ ಒಂದೇ ದಿನ ತಟ್ಟುವುದು. ಕರ್ನಾಟಕ ಸರ್ಕಾರವು ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ೨೦೦೪ರಲ್ಲಿಯೇ ಗೊತ್ತುಮಾಡಿ ಪ್ರಕಟಿಸಿದೆ. ಅಂಥದೊಂದು ಪ್ರಕಟಣೆಯುಂಟೆಂದು ಬಲ್ಲ ಮನೆಗಳು ಊರಿಗೆಷ್ಟು? ಡಾಲರಿನ ಸುಳ್ಳು ಕಥೆ ಎಲ್ಲರಿಗೂ ಗೊತ್ತು, ಈ ನಿಜವಾದ ಆಜ್ಞೆ ಯಾರಿಗೂ ಗೊತ್ತಿಲ್ಲ. ಬಳಗದಿಂದ ಬಳಗಕ್ಕೆ ಅದನ್ನು ಯಾರೂ ದಾಟಿಸಲಿಲ್ಲವಷ್ಟೆ.

ಇದಕ್ಕೆ ಪರಿಹಾರವು ಕಠಿನವಾದುದಲ್ಲ. ಹಿಂದಿನ ಬೆಲೆಯನ್ನು ಹೇಳುವವರು ಹಿಂದಿನ ಸಂಬಳವನ್ನೂ ಅದರೊಡನೆ ಹೇಳತಕ್ಕದ್ದು. ಕೇಳಿದ ಮಾತನ್ನು ಮುಂದಕ್ಕೆ ದಾಟಿಸುವ ಮುನ್ನ ಆಧಾರವನ್ನು ವಿಚಾರಿಸತಕ್ಕದ್ದು, ವಿಚಾರಿಸಿದವನನ್ನು ಹಗೆಯೆಂದು ಎಣಿಸಬಾರದು. ತಮ್ಮ ಸಂಬಳ ಏರಿದ ತಿಂಗಳಿನಲ್ಲಿಯೇ ತಮ್ಮ ಮನೆಯಲ್ಲಿ ದುಡಿಯುವವರ ಸಂಬಳವನ್ನೂ, ಅವರು ಬಾಯಿಬಿಟ್ಟು ಕೇಳುವ ಮೊದಲೇ, ಅದೇ ಪ್ರಮಾಣದಲ್ಲಿ ಏರಿಸತಕ್ಕದ್ದು. ಇದು ದ್ರೋಹವನ್ನು ನಿಲ್ಲಿಸುವ ಮಾತೇ ಹೊರತು ದಾನದ ಮಾತಲ್ಲ.

ಅನೇಕ ಹಳೆಯ ಮನೆಗಳ ಕಪಾಟಿನಲ್ಲಿ ಅಜ್ಜಂದಿರು ಬರೆದಿಟ್ಟ ಖರ್ಚಿನ ಪುಸ್ತಕಗಳು ಇನ್ನೂ ಇವೆ. ಮೊಮ್ಮಕ್ಕಳು ಅವನ್ನು ತೆರೆದು, ಅಕ್ಕಿಯ ಸಾಲನ್ನೂ ಕಾಫಿಪುಡಿಯ ಸಾಲನ್ನೂ ಓದಿ ಬೆರಗಾಗಿ, ಚಿತ್ರ ತೆಗೆದು ನೆಂಟರಿಗೆಲ್ಲ ಕಳುಹಿಸುವರು. ಅದೇ ಪುಟದ ಕೆಳಗೆ "ಆಳಿಗೆ" ಎಂದು ಬರೆದ ಸಾಲೊಂದಿರುತ್ತದೆ. ಅದರ ಮುಂದಿನ ಅಂಕಿಯನ್ನೂ ಓದಿ, ಅಷ್ಟರಲ್ಲಿ ಆ ಆಳಿನ ಮನೆಗೆ ಅಂದಿನ ಬೆಲೆಯ ಅಕ್ಕಿ ಎಷ್ಟು ಸೇರು ಬರುತ್ತಿತ್ತೆಂದು ಒಮ್ಮೆ ಭಾಗಿಸಿ ನೋಡಲಿ. ಅಗ್ಗದ ಕಾಲದ ನಿಜವಾದ ಲೆಕ್ಕ ಆ ಸಾಲಿನಲ್ಲಿ ಸಿಕ್ಕುತ್ತದೆ.